ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಟೇಬಲ್ಲಿನ ಬಾಗಿಲು ತೆಗೆಯಿರಿ

ಪ್ರಶ್ನೆ: ಸರ್, 2022ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ನನ್ನದು. ರೈಜೆನ್ 5 5600ಜಿ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಎಸ್‌ಎಸ್‌ಡಿ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲರಂಟ್ ಗೇಮ್ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ) ಅರ್ಧಕ್ಕೆ ಬೀಳುತ್ತದೆ. ಜಿಟಿಎ 5 ಅಂತೂ ಶುರುವಿನಿಂದಲೇ ಆಗಾಗ ನಿಂತು ನಿಂತು ಹೋಗುತ್ತದೆ. ಅಂಗಡಿಯವರು ‘ಕಾರ್ಡ್ ಹಾಕಿಸಿಬಿಡಿ, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಹಾಕಿಸಲಾ?
– ಒಬ್ಬ ಬಿ.ಕಾಂ. ವಿದ್ಯಾರ್ಥಿ, ರಾಯಚೂರು

ಉತ್ತರ: ಈಗಲೇ ಬೇಡ. ನೀವು ಒಂದು ತೊಂದರೆ ಅಂತ ಬರೆದಿದ್ದೀರಿ, ನನಗೆ ಎರಡು ಕಾಣಿಸುತ್ತಿವೆ. ಒಂದು ಶುರುವಿನಿಂದಲೇ ಇದೆ, ಇನ್ನೊಂದು ಹದಿನೈದು ನಿಮಿಷ ಬಿಟ್ಟು ಬರುತ್ತದೆ. ಯಾವಾಗ ನಿಧಾನವಾಗುತ್ತದೆ ಅನ್ನುವುದನ್ನು ಅಂಗಡಿಯವರು ಕೇಳಲೇ ಇಲ್ಲ ಅಲ್ವಾ?

ಮೊದಲು ವ್ಯಾಲರಂಟ್. ತಾಕತ್ತೇ ಸಾಲದ ಕಂಪ್ಯೂಟರ್ ಮೊದಲ ನಿಮಿಷದಲ್ಲೇ ಒದ್ದಾಡುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಸುಸ್ತಾದರೆ ಮೊದಲು ಅನುಮಾನ ಪಡಬೇಕಾದದ್ದು ಬಿಸಿಯನ್ನು. ನಿಮ್ಮ ಪ್ರೊಸೆಸರ್ ಚಿಪ್ಪಿಗೆ ಅದರ ಕಂಪನಿ ಎಎಂಡಿ ಇಟ್ಟಿರುವ ಮಿತಿ 95 ಡಿಗ್ರಿ. ಅದರ ಹತ್ತಿರ ಹೋದರೆ ಚಿಪ್ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮೂರಿನ ಏಪ್ರಿಲ್, ಮೇ ಬಿಸಿಲನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಫ್ಯಾನ್ ಎಷ್ಟೇ ತಿರುಗಲಿ, ಅದು ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಯೂಟ್ಯೂಬಿನವರು ಎಸಿ ಕೋಣೆಯಲ್ಲಿ ಕೂತು ತೋರಿಸುವ ಎಫ್‌ಪಿಎಸ್ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಕ್ಯಾಬಿನೆಟ್ ಎಲ್ಲಿ ಇಟ್ಟಿದ್ದೀರಿ ಅಂತ ಬರೆದಿಲ್ಲ. ನಮ್ಮ ಕಡೆಯ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕೆಳಗೆ ಒಂದು ಗೂಡು ಇರುತ್ತದಲ್ಲ, ಮೂರು ಕಡೆ ಹಲಗೆ, ಮುಂದೆ ಬಾಗಿಲು, ಹಿಂದೆ ವೈರಿಗೆ ಒಂದು ತೂತು, ಅಲ್ಲಿ ಇಟ್ಟಿದ್ದರೆ ಹೊರಗೆ ಹೋದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಧೂಳು ಬೀಳದಿರಲಿ ಅಂತ ಮೇಲೆ ಪ್ಲಾಸ್ಟಿಕ್ ಕವರ್ ಬೇರೆ ಹಾಕಿರುತ್ತಾರೆ! ಅದನ್ನು ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಅದೇ ಗೇಮ್ ಅರ್ಧ ಗಂಟೆ ಆಡಿ. ಹೆಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ ಸಿಪಿಯು, ಅಂದರೆ ಪ್ರೊಸೆಸರ್, ಎಷ್ಟು ಡಿಗ್ರಿಗೆ ಹೋಯಿತು, ವೇಗ ಎಷ್ಟಕ್ಕೆ ಇಳಿಯಿತು ಎರಡೂ ಕಾಣಿಸುತ್ತವೆ. ಎಫ್‌ಪಿಎಸ್ ಬಿದ್ದ ಹೊತ್ತಿಗೆ ಬಿಸಿ 90 ದಾಟಿ ವೇಗವೂ ಇಳಿದಿದ್ದರೆ ಕಳ್ಳ ಸಿಕ್ಕ. 70ರ ಆಸುಪಾಸಿನಲ್ಲಿದ್ದೂ ಎಫ್‌ಪಿಎಸ್ ಬಿದ್ದರೆ ನನ್ನ ಅನುಮಾನ ತಪ್ಪು. ಆಗ ಆ ಹೊತ್ತಿನ ಸ್ಕ್ರೀನ್‌ಶಾಟ್ ಕಳಿಸಿ, ಬೇರೆ ಕಾರಣ ಹುಡುಕೋಣ.

ಬಿಸಿಯೇ ಆಗಿದ್ದರೆ ಧೂಳು ತೆಗೆಯಿರಿ. ಪ್ಲಗ್ ಕಿತ್ತು, ಜಗಲಿಗೆ ತಂದು, ಒಣ ಪೇಂಟ್ ಬ್ರಷ್ಷಿನಿಂದ ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದಿಗಳನ್ನು ಗುಡಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಒತ್ತಿಕೊಳ್ಳಿ. ಒದ್ದೆ ಬಟ್ಟೆ ಬೇಡ. ಇಷ್ಟು ವರ್ಷಕ್ಕೆ ಪ್ರೊಸೆಸರಿಗೂ ಅದರ ಮೇಲಿನ ಕೂಲರಿಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಕೂಡ ಒಣಗಿರಬಹುದು, ಬದಲಿಸಿದರೆ ಒಳ್ಳೆಯದು. ಆದರೆ ಇಲ್ಲಿ ಒಂದು ಅಪಾಯ ಇದೆ. ನಿಮ್ಮ ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ, ಮದರ್‌ಬೋರ್ಡಿನಲ್ಲಲ್ಲ. ಒಣಗಿದ ಪೇಸ್ಟ್ ಗಟ್ಟಿಯಾಗಿ ಹಿಡಿದುಕೊಂಡಿದ್ದು ನೀವು ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಜೊತೆಗೇ ಕಿತ್ತುಬರಬಹುದು, ಪಿನ್ ಬಾಗಬಹುದು. ಹಾಗಾಗಿ ಮೊದಲು ಒಂದಿಷ್ಟು ಹೊತ್ತು ಗೇಮ್ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಸಡಿಲಿಸಿ, ಆಮೇಲಷ್ಟೇ ಎತ್ತಿ. ಕೈ ನಡುಗುತ್ತದೆ ಅನ್ನಿಸಿದರೆ ಅಂಗಡಿಗೇ ಕೊಡಿ.

ಇನ್ನು ಜಿಟಿಎ. ಇದು ರ‍್ಯಾಮಿನ ತೊಂದರೆ ಅಂತ ನನ್ನ ಲೆಕ್ಕ. 5600ಜಿ ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಅದು ನಿಮ್ಮ 8 ಜಿಬಿಯಲ್ಲೇ ಪಾಲು ಕೇಳುತ್ತದೆ. ವಿಂಡೋಸಿಗೆ ಒಂದಿಷ್ಟು, ಹಿಂದೆ ತೆರೆದಿಟ್ಟ ಕ್ರೋಮಿಗೆ ಒಂದಿಷ್ಟು, ಉಳಿದದ್ದು ಗೇಮಿಗೆ. ಸಾಲದಾದಾಗ ವಿಂಡೋಸ್ ಎಸ್‌ಎಸ್‌ಡಿಯನ್ನೇ ರ‍್ಯಾಮಿನ ಹಾಗೆ ಬಳಸುತ್ತದೆ, ಅದು ತುಂಬಾ ನಿಧಾನ, ಆಗ ಗೇಮ್ ಗಕ್ಕನೆ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಒಂದೇ ಸ್ಟಿಕ್ ಇರುವುದು. ಡಿಡಿಆರ್4 3200 ಅನ್ನುವ ಬಗೆಯ ರ‍್ಯಾಮಿನ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಹಾಕಿದರೆ 51.2. ಹಳೆಯ ಜಿಟಿಎಕ್ಸ್ 1650 ಕಾರ್ಡಿಗೇ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 128 ಜಿಬಿ ಸಿಗುತ್ತದೆ ಅಂದರೆ, ನಿಮ್ಮ ಗ್ರಾಫಿಕ್ಸ್ ಎಷ್ಟು ಹಸಿದಿದೆ ಅಂತ ಲೆಕ್ಕ ಹಾಕಿ. ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಒಂದೇ ಸ್ಟಿಕ್ ಹಾಕಿ ಕೊಡುವ ಅಂಗಡಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು 8 ಜಿಬಿ ತನ್ನಿ, ಆದಷ್ಟೂ ಅದೇ ಕಂಪನಿ, ಅದೇ ವೇಗದ್ದು. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಸಾಮಾನ್ಯವಾಗಿ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ.

ಹಾಕಿದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ವೇಗ ಕಾಣಿಸುತ್ತದೆ. 3200ರ ಬದಲು 2400 ಅಥವಾ 2666 ಅಂತಿದ್ದರೆ ಬಯಾಸಿಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪರದೆ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ. ಕೆಲವು ಆಸುಸ್ ಬೋರ್ಡುಗಳಲ್ಲಿ ಇದೇ ಡಿಓಸಿಪಿ ಅಂತ ಇರುತ್ತದೆ.

ಇಷ್ಟಾದ ಮೇಲೂ ಕಾರ್ಡ್ ಬೇಕು ಅನ್ನಿಸಿದರೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಪ್ರೊಸೆಸರ್ ಪಿಸಿಐಇ 3.0ರದು, ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ಸಂಪರ್ಕ ಹಳೆಯ ಪೀಳಿಗೆಯದು. ಆರ್‌ಎಕ್ಸ್ 6500 ಎಕ್ಸ್‌ಟಿ ತರಹ ಆ ಸಂಪರ್ಕದಲ್ಲಿ ನಾಲ್ಕೇ ಲೇನ್ (ದಾರಿ) ಇರುವ ಕಾರ್ಡ್ ಹಾಕಿದರೆ ಅದರ ಪೂರ್ತಿ ವೇಗ ಸಿಗುವುದಿಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಇದ್ದರೆ ಅದನ್ನೂ ಬದಲಿಸುವ ಖರ್ಚು ಸೇರಿಸಿಕೊಳ್ಳಿ. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ವೈರನ್ನು ಕಾರ್ಡಿಗೇ ಚುಚ್ಚಿ. ಮದರ್‌ಬೋರ್ಡಿನ ಹಳೆಯ ಜಾಗದಲ್ಲೇ ಬಿಟ್ಟು ‘ಏನೂ ಫರಕಿಲ್ಲ’ ಅಂತ ಬರೆಯುವವರು ಈಗಲೂ ಇದ್ದಾರೆ.

ಪ್ರಶ್ನೆ: 165 ಹರ್ಟ್ಜ್ ಮಾನಿಟರ್ ತಂದೆ. ಹಳೆಯ 60 ಹರ್ಟ್ಜ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ. ಮೋಸ ಹೋದೆನಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವ ಲೆಕ್ಕ. ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಅಂತ ಹೋಗಿ 165 ಆರಿಸಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ವೈರ್ ಅಥವಾ ಪೋರ್ಟಿನ ತೊಂದರೆ, ಡಿಸ್‌ಪ್ಲೇಪೋರ್ಟ್ ವೈರ್ ಹಾಕಿ ನೋಡಿ.

ಪ್ರಶ್ನೆ: ‘ಗೇಮ್ ಬೂಸ್ಟರ್’, ‘ರ‍್ಯಾಮ್ ಕ್ಲೀನರ್’ ಹಾಕಿದರೆ ಎಫ್‌ಪಿಎಸ್ ಜಾಸ್ತಿಯಾಗುತ್ತದಾ?
– ಓದುಗರು, ಹಾಸನ

ಉತ್ತರ: ಸುಮ್ನೆ ಹಾಕಬೇಡಿ. ಅವು ಮಾಡುವ ಕೆಲಸವನ್ನು ಕ್ರೋಮ್ ಮುಚ್ಚಿ ನೀವೇ ಮಾಡಬಹುದು.

ಪ್ರಶ್ನೆ: ಎಫ್‌ಪಿಎಸ್ 120 ತೋರಿಸುತ್ತದೆ, ಆದರೂ ನನ್ನ ಆಟಗಾರ ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಜಿಗಿಯುತ್ತಾನೆ. ರಾತ್ರಿ ಹೊತ್ತು ಜಾಸ್ತಿ.
– ಓದುಗರು, ಶಿರಸಿ

ಉತ್ತರ: ಕಂಪ್ಯೂಟರಿಗೆ ಏನೂ ಆಗಿಲ್ಲ, ಸ್ಕ್ರೂಡ್ರೈವರ್ ಕೆಳಗಿಡಿ. ಇದು ಇಂಟರ್ನೆಟ್ಟಿನ ತೊಂದರೆ. ಗೇಮಿನ ಸೆಟ್ಟಿಂಗಿನಲ್ಲಿ ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಮಾಹಿತಿ) ಎರಡನ್ನೂ ಪರದೆ ಮೇಲೆ ತೋರಿಸುವಂತೆ ಮಾಡಿಕೊಳ್ಳಿ. ಗೇಮಿನ ಸರ್ವರ್ ಮುಂಬೈ ಅಂತ ಇದೆಯಾ, ದೂರದ ಸಿಂಗಾಪುರಕ್ಕೆ ಹೋಗಿದೆಯಾ ನೋಡಿ. ಆಮೇಲೆ ವೈಫೈ ಬಿಟ್ಟು ರೂಟರಿನಿಂದ ನೇರ ಲ್ಯಾನ್ ಕೇಬಲ್ ಎಳೆದು ಒಂದು ರಾತ್ರಿ ಆಡಿ. ಸರಿಹೋದರೆ ತಪ್ಪು ವೈಫೈನದು. ಆಗಲೂ ಜಿಗಿದರೆ, ಮನೆಯಲ್ಲಿ ಬೇರೆ ಯಾರೂ ವಿಡಿಯೊ ನೋಡದ ಹೊತ್ತಿನಲ್ಲಿ ಆ ಎರಡು ಸಂಖ್ಯೆ ಬರೆದಿಟ್ಟುಕೊಂಡು ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ‘ನೆಟ್ ಸ್ಲೋ’ ಅಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಸಂಖ್ಯೆ ಹೇಳಿದರೆ ಲೈನ್ ನೋಡಲು ಜನ ಕಳಿಸುವ ಸಾಧ್ಯತೆ ಜಾಸ್ತಿ.