ಕಾಳಿ ನದಿಯ ಅಳಿವೆಯಲ್ಲಿ ಓಡಿಸುವ 16 ಅಡಿಯ ಹಾಯಿದೋಣಿಯ ಔಟ್‌ಬೋರ್ಡ್ ಮೋಟಾರ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ವಿಪರೀತ ಸದ್ದು ಮಾಡುತ್ತದೆ. ಏನು ಮಾಡಬಹುದು?

ಮೊದಲು ಥ್ರಾಟಲ್ ಇಳಿಸಿ ನೋಡಿ. ನೀರಿನಲ್ಲಿ 16 ಅಡಿ ಉದ್ದವಿರುವ ದೋಣಿ ಸುಮಾರು 5.4 ನಾಟ್ (ಗಂಟೆಗೆ ಸುಮಾರು 10 ಕಿ.ಮೀ.) ವೇಗ ಮುಟ್ಟಿದ ಮೇಲೆ ತನ್ನದೇ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ. ಅಲ್ಲಿಂದಾಚೆ ಕೊಡುವ ಪೆಟ್ರೋಲೆಲ್ಲ ಬರೀ ಗದ್ದಲ.

ಆಮೇಲೆ ಮೋಟಾರಿನ ಆಳ ನೋಡಿ. ಹೊಗೆ ನೀರೊಳಗೆ ಹೋದರೆ ಸದ್ದು ಅಡಗುತ್ತದೆ. ಹಾಯಿದೋಣಿಯ ಎತ್ತರದ ಹಿಂಬದಿಗೆ 15 ಇಂಚಿನ ಶಾರ್ಟ್ ಶಾಫ್ಟ್ (ನೀರಿಗಿಳಿಯುವ ಗಿಡ್ಡ ಕಾಲು) ಸಾಲದು. ಅಳಿವೆ ಬಾಯಲ್ಲಿ ಅಲೆಗೆ ದೋಣಿ ಎದ್ದಾಗ ಪ್ರೊಪೆಲ್ಲರ್ ಗಾಳಿ ಎಳೆದು ಎಂಜಿನ್ ಕಿರುಚುತ್ತದೆ. 20 ಇಂಚಿನದು ಬೇಕು, ಇಲ್ಲವೇ ಬ್ರಾಕೆಟ್ ತಗ್ಗಿಸಬೇಕು.

ಗುಂಯ್‌ಗುಡುವ ಸದ್ದು ಹೆಚ್ಚಾಗಿ ದೋಣಿಯ ಫೈಬರ್ ಮೈಯದೇ. ಮೋಟಾರ್ ಹಿಡಿದಿಡುವ ಕ್ಲ್ಯಾಂಪಿನಡಿ ಗಟ್ಟಿ ರಬ್ಬರ್ ಹಾಳೆ ಇಟ್ಟು ಬಿಗಿಯಿರಿ, ಹೊರಟ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಿಗಿಯಿರಿ, ಮೋಟಾರಿಗೆ ಸೇಫ್ಟಿ ಹಗ್ಗ ಕಟ್ಟಿರಲಿ. ಮುಚ್ಚಳದ ಸವೆದ ರಬ್ಬರ್ ಪಟ್ಟಿಯನ್ನೂ ಬದಲಿಸಿ.

ದಯವಿಟ್ಟು ಮೋಟಾರಿಗೆ ಕಂಬಳಿ, ಗೋಣಿ ಸುತ್ತಬೇಡಿ. ಗಾಳಿಯಾಡದೆ ಎಂಜಿನ್ ಕಾಯುತ್ತದೆ, ಪೆಟ್ರೋಲ್ ಆವಿ ಸೇರಿದರೆ ಬೆಂಕಿಯ ಭಯ.

ಹಳೆಯ ಟೂ-ಸ್ಟ್ರೋಕ್ ಆಗಿದ್ದರೆ ಇಷ್ಟು ಮಾಡಿಯೂ ಸದ್ದು ಪೂರ್ತಿ ಅಡಗದು. ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಕೊಳ್ಳುವುದೇ ಸರಿ.