ಕಾಡಿನ ಕ್ಯಾಮೆರಾ ಕದ್ದವರು ಯಾರು?

ಪ್ರಶ್ನೆ: ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ನಮ್ಮ ಮನೆಯ ಹಿಂದೆ ಸ್ವಂತದ ಕಾಡಿದೆ. ಪಕ್ಕದ ಮನೆಯ ಹಿರಿಯರಿಗೆ ಅಲ್ಲಿ ಜಿಂಕೆ ಬೇಟೆಯಾಡಲು ಒಪ್ಪಿಗೆ ಕೊಟ್ಟಿದ್ದೇವೆ. ಜಿಂಕೆಗಳ ಓಡಾಟ ತಿಳಿಯಲು ಅವರು ಮರಕ್ಕೆ ಕಟ್ಟಿದ್ದ ಎರಡು ಟ್ರೇಲ್ ಕ್ಯಾಮೆರಾಗಳು (ಎದುರು ಏನಾದರೂ ಸುಳಿದರೆ ತಾವಾಗಿ ಚಿತ್ರ ತೆಗೆಯುವಂಥವು) ಅಕ್ಟೋಬರ್‌ನಲ್ಲಿ ಕಳುವಾದವು. ನಾವು ಸಸ್ಯಾಹಾರಿಗಳಾದ್ದರಿಂದ ಅವರಿಗೆ ನಮ್ಮ ಮೇಲೆಯೇ ಅನುಮಾನ ಇದ್ದಂತಿದೆ. ಏನು ಮಾಡಲಿ?

ಉತ್ತರ: ಅನ್ನ ಸಾರು ಉಣ್ಣುವವರು ಜಿಂಕೆಯ ಮೇಲಿನ ಕನಿಕರದಿಂದ ರಾತ್ರೋರಾತ್ರಿ ಕ್ಯಾಮೆರಾ ಕಿತ್ತರೆಂದು ನಂಬಲು ನಿಮ್ಮ ಹಿರಿಯರಿಗೆ ಒಳ್ಳೆಯ ಕಲ್ಪನಾಶಕ್ತಿಯೇ ಇರಬೇಕು! ಬೇಟೆಯ ಮೇಲಿನ ಸಿಟ್ಟಿಗೆ ಹಾಗೆ ಮಾಡುವವರು ಇಲ್ಲವೇ ಇಲ್ಲವೆನ್ನಲಾರೆ. ಆದರೆ ನಿಮ್ಮಲ್ಲಿ ಅಕ್ಟೋಬರ್ ಎಂದರೆ ಬಿಲ್ಲುಬಾಣದ ಬೇಟೆಯ ಕಾಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಬರುವ ಶನಿವಾರ ಕೋವಿಯ ಮುಖ್ಯ ಬೇಟೆ ಶುರು. ದೊಡ್ಡ ಕೊಂಬಿನ ಗಂಡು ಜಿಂಕೆ ಯಾವ ಹೊತ್ತಿಗೆ ಯಾವ ಜಾಡಿನಲ್ಲಿ ಬರುತ್ತದೆಂಬ ಗುಟ್ಟು ಆ ಮೆಮೊರಿ ಕಾರ್ಡಿನಲ್ಲಿರುತ್ತದೆ. ಅದರ ಬೆಲೆ ಬಲ್ಲವನು ಇನ್ನೊಬ್ಬ ಬೇಟೆಗಾರ. ಹೇಳದೆ ಕೇಳದೆ ನಿಮ್ಮ ಜಾಗಕ್ಕೆ ನುಗ್ಗಿದವನಿಗಂತೂ ಅದರಲ್ಲಿರುವ ತನ್ನ ಮುಖವೇ ಕಂಟಕ. ಕಾರ್ಡು ಹುಡುಕುತ್ತಾ ನಿಲ್ಲದೆ ಇಡೀ ಡಬ್ಬಿಯನ್ನೇ ಹೊತ್ತೊಯ್ಯುತ್ತಾನೆ.

ಕ್ಯಾಮೆರಾ ಅವನ ಕಣ್ಣಿಗೆ ಬೀಳುವುದು ಹೇಗೆ? ಹೆಚ್ಚಿನವರು ಅದನ್ನು ಸೊಂಟದೆತ್ತರದಲ್ಲಿ, ಕಾಲುದಾರಿಗೆ ಮುಖ ಮಾಡಿ ಕಟ್ಟುತ್ತಾರೆ. ಅನೇಕ ಮಾದರಿಗಳಲ್ಲಿ 850 ನ್ಯಾನೊಮೀಟರ್ ತರಂಗಾಂತರದ ಇನ್ಫ್ರಾರೆಡ್ ದೀಪವಿರುತ್ತದೆ. ಕತ್ತಲಲ್ಲಿ ಚಿತ್ರ ತೆಗೆಯುವಾಗ ಬೀಡಿಯ ತುದಿಯಂತೆ ಕೆಂಪಗೆ ಮಿನುಗಿಬಿಡುತ್ತದೆ. 940 ನ್ಯಾನೊಮೀಟರಿನದಾದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ.

ಆದ್ದರಿಂದ ಹಿರಿಯರಿಗೆ ಹೀಗೆ ಹೇಳಿ: ಅಗ್ಗದ ಹಳೆಯ ಕ್ಯಾಮೆರಾ ಒಂದನ್ನು ಮಾಮೂಲಿ ಜಾಗದಲ್ಲೇ ಕಟ್ಟಲಿ. ಅದನ್ನು ಕಾಯಲು ಎದುರಿನ ಮರದಲ್ಲಿ ಹತ್ತು ಅಡಿ ಮೇಲೆ ಇನ್ನೊಂದಿರಲಿ. ಮರಕ್ಕೆ ಬಿಗಿದ ಪಟ್ಟಿಯ ಮೇಲ್ಗಡೆ, ಕ್ಯಾಮೆರಾದ ಬೆನ್ನಿಗೆ ಒಂದು ತುಂಡು ಕಡ್ಡಿ ಸಿಕ್ಕಿಸಿದರೆ ಅದು ಕೆಳಕ್ಕೆ ಬಾಗಿ ನೋಡುತ್ತದೆ. ಮೇಲಿನದು ಮೊಬೈಲ್ ಜಾಲದ ಮೂಲಕ ಚಿತ್ರ ಕಳುಹಿಸುವಂಥದ್ದಾಗಿರಲಿ, 940ರ ದೀಪದ್ದಾಗಿರಲಿ. ಅದನ್ನೂ ಕದ್ದರೆ ಕದಿಯಲಿ, ಅಷ್ಟರಲ್ಲಿ ಮುಖ ಫೋನಿಗೆ ಬಂದಿರುತ್ತದೆ. ಉಕ್ಕಿನ ಪೆಟ್ಟಿಗೆ, ಕೇಬಲ್ ಬೀಗಗಳ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ದಾರಿಹೋಕನನ್ನು ತಡೆಯುತ್ತವೆ, ಕತ್ತರಿ ತಂದವನನ್ನಲ್ಲ. ಸೀರಿಯಲ್ ಸಂಖ್ಯೆ ಬರೆದಿಟ್ಟುಕೊಳ್ಳುವುದು ಅದಕ್ಕಿಂತ ಮೇಲು. ಅದಿಲ್ಲದಿದ್ದರೆ ಕಳುವಿನ ಮಾಲು ಸಿಕ್ಕರೂ ತನ್ನದೆಂದು ತೋರಿಸುವುದು ಕಷ್ಟ.

ನೀವು ಮಾಡಬೇಕಾದ ಕೆಲಸವೂ ಒಂದಿದೆ. 2020ರ ಜನವರಿಯಿಂದ ಪೆನ್ಸಿಲ್ವೇನಿಯಾದ ಬಹುಭಾಗದಲ್ಲಿ ಜಮೀನಿನ ಎಲ್ಲೆಯ ಮರಗಳಿಗೆ ಬಳಿದ ನೇರಳೆ ಬಣ್ಣದ ಗೆರೆಯೇ 'ಒಳಗೆ ಬರಬೇಡಿ' ಎಂಬ ಫಲಕಕ್ಕೆ ಸಮ. ಗೆರೆ ಎಂಟು ಅಂಗುಲ ಉದ್ದ, ಒಂದು ಅಂಗುಲ ಅಗಲವಾದರೂ ಇರಬೇಕು. ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ, ನೂರು ಅಡಿಗೆ ಮೀರದ ಅಂತರದಲ್ಲಿ. ಒಂದು ಭಾನುವಾರ ಹಿರಿಯರನ್ನೂ ಕರೆದುಕೊಂಡು ಹೋಗಿ ಬಳಿಯಿರಿ. ಅನುಮಾನ ತಾನಾಗಿ ಸಡಿಲವಾಗುತ್ತದೆ. (ನಮ್ಮ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಹೊಡೆಯುವವನೇ ಕಳ್ಳ, ನಿಮ್ಮಲ್ಲಿ ಅವನು ಲೈಸೆನ್ಸ್ ಪಡೆದ ಗೃಹಸ್ಥ. ಈ ವ್ಯತ್ಯಾಸ ನಿಮ್ಮ ಮುಖದಲ್ಲಿ ಕಾಣದಂತೆ ನೋಡಿಕೊಳ್ಳಿ.)

ಯಾರದಾದರೂ ಮುಖ ಸೆರೆಯಾದರೆ ಫೇಸ್‌ಬುಕ್ಕಿಗೆ ಹಾಕಬೇಡಿ, ನೇರ ಪೊಲೀಸರಿಗೆ ಕೊಡಿ. ಅತಿಕ್ರಮ ಪ್ರವೇಶದ ದೂರು ನಿಮ್ಮದು, ಕಳವಿನ ದೂರು ಹಿರಿಯರದು. ಆ ಮುಖ ಅವರ ಬೇಟೆಯ ಗೆಳೆಯನದೇ ಆಗಿದ್ದರೆ, ಅವರು ತಮ್ಮ ದೂರು ಕೊಡುವುದೋ ಬಿಡುವುದೋ ಎಂಬ ಚರ್ಚೆಗೆ ನೀವು ಹೋಗಬೇಡಿ.