ಸರ್ಪಸುತ್ತು: ತಪ್ಪು ಯಾರದು ಎಂಬ ಹುಡುಕಾಟ

ಉಡುಪಿ ಸಮೀಪದ ಊರೊಂದರ 17 ವರ್ಷದ ವಿದ್ಯಾರ್ಥಿನಿಯನ್ನು ಚರ್ಮರೋಗ ತಜ್ಞರೊಬ್ಬರು ನನ್ನ ಬಳಿಗೆ ಕಳುಹಿಸಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ಆಕೆಯ ಎಡಪಕ್ಕೆಯಲ್ಲಿ ಎದ್ದಿದ್ದ ಸರ್ಪಸುತ್ತು ಆಗಲೇ ಒಣಗತೊಡಗಿತ್ತು. ನೋವೂ ಇಳಿಮುಖವಾಗಿತ್ತು. ಆದರೆ ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ ಹುಡುಗಿ ಚೀಲದಿಂದ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದಳು. ಪೆನ್ಸಿಲಿನಲ್ಲಿ ಬರೆದ ಅಂಕಿಗಳು: 36, 36, 35, 36. ಪ್ರತಿ ರಾತ್ರಿ ಬಚ್ಚಲಿನ ಚಿಲಕ ಹಾಕಿಕೊಂಡು, ಅಮ್ಮನ ಹೊಲಿಗೆಯ ಟೇಪಿನಿಂದ, ಗುಳ್ಳೆಗಳ ಒಂದು ತುದಿಯಿಂದ ಬಲಗಡೆಯಾಗಿ ಸುತ್ತಿ ಇನ್ನೊಂದು ತುದಿಗೆ ಎಷ್ಟು ಸೆಂಟಿಮೀಟರ್ ಉಳಿದಿದೆಯೆಂದು ಅಳೆಯುತ್ತಿದ್ದಳು. 35 ಬಂದ ರಾತ್ರಿ ಬೆಳಗಾಗುವವರೆಗೆ ಕುಳಿತೇ ಇದ್ದಳಂತೆ. "ತಲೆ ಬಾಲ ಕೂಡಿದ್ರೆ ಸಾಯ್ತಾರೆ ಅಂತಾರಲ್ಲ ಮೇಡಂ, ನಂದು ಕೂಡ್ತದಾ?" ಎಂದು ಕೇಳಿದಳು.

ಈ ಪ್ರಶ್ನೆಗೆ ಸಾಂತ್ವನದ ಮಾತು ಸಾಲದು, ನೇರವಾದ ಉತ್ತರ ಬೇಕು. ಕಾಗದದ ಮೇಲೆ ಬೆನ್ನುಮೂಳೆಯ ಗೆರೆ ಎಳೆದು, ಅದರ ಎರಡೂ ಬದಿಯಿಂದ ಹೊರಡುವ ನರಗಳನ್ನು ಬರೆದು ತೋರಿಸಿದೆ. ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು, ವಾಸಿಯಾದ ಮೇಲೂ ಅದರ ವೈರಸ್ ದೇಹವನ್ನು ಬಿಟ್ಟು ಹೋಗದೆ ಬೆನ್ನುಮೂಳೆಯ ಪಕ್ಕದ ನರಗಂಟುಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಎಂದಾದರೂ ಎಚ್ಚೆತ್ತರೆ ಸಾಮಾನ್ಯವಾಗಿ ಒಂದೇ ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದೆ. ಎಡಗಡೆಯ ನರ ಎಡಗಡೆಗೇ ಮುಗಿಯುವುದರಿಂದ ಗುಳ್ಳೆಗಳ ಪಟ್ಟಿ ಮೈಯ ನಡುಗೆರೆಯ ಹತ್ತಿರ ನಿಲ್ಲುತ್ತದೆ. ಒಂದೆರಡು ಗುಳ್ಳೆ ಗೆರೆಯಾಚೆ ಕಂಡರೂ ಅದು ಸಾವಿನ ಸೂಚನೆಯಲ್ಲ. ಅಳೆಯುವುದನ್ನು ನಿಲ್ಲಿಸೆಂದು ನಾನು ಹೇಳಲಿಲ್ಲ. ಈ ಚಿತ್ರವನ್ನು ಅದೇ ಪುಟದಲ್ಲಿ ಅಂಟಿಸಿಕೊಂಡು ಅಳೆ ಎಂದೆ.

ಎರಡನೆಯ ಭೇಟಿಯಲ್ಲಿ ಒಳಗಿನ ಮಾತು ಹೊರಬಂತು. ನಾಗರಪಂಚಮಿಯ ದಿನ ಮುಟ್ಟಾಗಿದ್ದರೂ ಯಾರಿಗೂ ಹೇಳದೆ, ಮನೆಯವರೊಂದಿಗೆ ನಾಗಬನಕ್ಕೆ ತನು (ನಾಗನಿಗೆ ಅರ್ಪಿಸುವ ಹಾಲು, ಎಳನೀರು) ಎರೆಯಲು ಹೋಗಿದ್ದಳು. ಗುಳ್ಳೆ ಎದ್ದಾಗ ಅಜ್ಜಿ, "ಎಲ್ಲೋ ಮೈಲಿಗೆ ಆಗಿದೆ" ಎಂದಿದ್ದರು. ಅಜ್ಜಿ ಅಂದದ್ದು ಯಾರನ್ನೂ ಗುರಿಯಾಗಿಸಿ ಅಲ್ಲ. ಆದರೆ ಹುಡುಗಿಗೆ ಅದು ತನಗೇ ಬಿದ್ದ ತೀರ್ಪಾಯಿತು. ಕೆಮ್ಮಣ್ಣು ಹಚ್ಚಿ ಮೂರು ದಿನ ಕಾದ ಮೇಲೆ ವೈದ್ಯರಲ್ಲಿಗೆ ಹೋಗಿದ್ದರು. ಹೊಸ ಗುಳ್ಳೆಗಳು ಇನ್ನೂ ಏಳುತ್ತಿದ್ದುದರಿಂದ ವೈರಸ್ ತಡೆಯುವ ಅಸೈಕ್ಲೊವಿರ್ ಮಾತ್ರೆ ಆರಂಭಿಸಿದ್ದರು. ಗುಳ್ಳೆ ಕಂಡ 72 ಗಂಟೆಯೊಳಗೆ ಈ ಮದ್ದು ಶುರುವಾದರೆ ಹೆಚ್ಚು ಪ್ರಯೋಜನ. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಬೇರೆ ಸೋಂಕು ಸೇರಿಕೊಳ್ಳಬಹುದು.

ತಂದೆ ಕಂಡುಕೊಂಡ ಕಾರಣ ಬೇರೆ: ನೀಟ್ ಕೋಚಿಂಗ್, ನಾಲ್ಕೈದು ಗಂಟೆಯ ನಿದ್ದೆ, ಓದಿನ ಒತ್ತಡ. ಅದನ್ನು ಕೇಳಿದ ಹುಡುಗಿ, "ಹಾಗಾದ್ರೆ ನಾನು ಓದಿದ್ದೇ ತಪ್ಪಾ?" ಎಂದು ಅತ್ತಳು. ಅವರಿಗೆ ನಾನು ತಿಳಿಸಿದ್ದು ಇಷ್ಟು. ರೋಗನಿರೋಧಕ ಶಕ್ತಿ ಕುಗ್ಗಿದಾಗ ಈ ವೈರಸ್ ಏಳುತ್ತದೆಂಬುದು ನಿಶ್ಚಿತ. ಕ್ಯಾನ್ಸರ್ ಚಿಕಿತ್ಸೆ, ಎಚ್ಐವಿ, ದೀರ್ಘಕಾಲದ ಸ್ಟಿರಾಯ್ಡ್ ಇಂಥ ಕಾರಣಗಳು. ಒತ್ತಡಕ್ಕೂ ಪಾತ್ರವಿರಬಹುದು, ಆದರೆ ಅದರ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಆರೋಗ್ಯವಾಗಿರುವ ಹದಿಹರೆಯದವರಲ್ಲೂ, ಅಪರೂಪಕ್ಕೆ, ಯಾವ ಕಾರಣವೂ ಕಾಣದೆ ಸರ್ಪಸುತ್ತು ಬರುತ್ತದೆ. ಮಗಳು ಎಂಟು ಗಂಟೆಗೆ ಕಡಿಮೆಯಿಲ್ಲದೆ ಮಲಗಲಿ ಎಂದೆ. ರೋಗ ತಂದುಕೊಂಡದ್ದಕ್ಕೆ ಶಿಕ್ಷೆಯಾಗಿ ಅಲ್ಲ, ಈ ವಯಸ್ಸಿಗೆ ಅಷ್ಟು ನಿದ್ದೆ ಬೇಕೇ ಬೇಕು.

ಇಲ್ಲಿ ನನ್ನಿಂದಲೂ ಒಂದು ಎಡವಟ್ಟಾಯಿತು. ಒಂದು ವರ್ಷ ತುಂಬುವ ಮೊದಲೇ ಚಿಕನ್‌ಪಾಕ್ಸ್ ಆದ ಮಕ್ಕಳಲ್ಲಿ, ಆಗಿನ್ನೂ ರೋಗನಿರೋಧಕ ವ್ಯವಸ್ಥೆ ಬಲಿತಿರದ ಕಾರಣ, ಚಿಕ್ಕ ವಯಸ್ಸಿನಲ್ಲೇ ಸರ್ಪಸುತ್ತು ಬರುವ ಸಾಧ್ಯತೆ ಹೆಚ್ಚು. ಹುಡುಗಿಗೆ ಎಂಟನೆಯ ತಿಂಗಳಲ್ಲಿ ಅಣ್ಣನಿಂದ ಅದು ತಗಲಿತ್ತು. ಅವಳ ಎದೆಯ ಭಾರ ಇಳಿಯಲೆಂದು ಇದನ್ನು ಉತ್ಸಾಹದಿಂದಲೇ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮನ ಮುಖ ಬಾಡಿತು. "ಇಬ್ರನ್ನೂ ಒಂದೇ ಚಾಪೆಯಲ್ಲಿ ಮಲಗಿಸಿದ್ದು ನಾನೇ" ಎಂದರು. ಮಗಳ ತಲೆಯಿಂದ ಇಳಿಸಿದ ಹೊರೆಯನ್ನು ನಾನು ತಾಯಿಯ ತಲೆಗೆ ಹೊರಿಸಿದ್ದೆ. ಮೈಮೇಲೆ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮುಂಚೆಯೇ ಚಿಕನ್‌ಪಾಕ್ಸ್ ಹರಡುತ್ತದೆ, ಯಾವ ತಾಯಿಯೂ ಅದನ್ನು ಮೊದಲೇ ಅರಿಯಲಾರಳು. ಅದರ ಲಸಿಕೆ ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿ ಇರಲೂ ಇಲ್ಲ ಎಂದು ಅವರಿಗೇ ಬೇರೆಯಾಗಿ ಸಮಯ ಕೊಟ್ಟು ಹೇಳಬೇಕಾಯಿತು.

ಕಾಲೇಜಿನಲ್ಲಿ ಸಹಪಾಠಿಗಳು ದೂರ ಕುಳಿತದ್ದಕ್ಕೂ ಉತ್ತರ ಹುಡುಕಿದೆವು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಗುಳ್ಳೆಯ ನೀರು ತಗಲಿದರೆ, ಚಿಕನ್‌ಪಾಕ್ಸ್ ಆಗಿರದ, ಲಸಿಕೆಯೂ ಹಾಕಿಸಿಕೊಂಡಿರದವರಿಗೆ ಚಿಕನ್‌ಪಾಕ್ಸ್ ಬರಬಹುದು. ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಬಟ್ಟೆಯಿಂದ ಮುಚ್ಚಿಡಬೇಕು, ಗರ್ಭಿಣಿಯರಿಂದಲೂ ಎಳೆಗೂಸುಗಳಿಂದಲೂ ದೂರವಿರಬೇಕು. ಇಷ್ಟನ್ನೇ ಅವಳು ಗೆಳತಿಯರಿಗೆ ತಾನಾಗಿ ಹೇಳಿದಳು. ಮುಂದೆಂದಾದರೂ ಹಣೆ, ಮೂಗಿನ ತುದಿ ಅಥವಾ ಕಣ್ಣಿನ ಸುತ್ತ ಇಂಥ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕೆಂದೂ, ಮತ್ತೆ ಮತ್ತೆ ಬಂದರೆ ರಕ್ತಪರೀಕ್ಷೆಗೆ ಹಿಂಜರಿಯಬಾರದೆಂದೂ ತಂದೆಗೆ ಬರೆದುಕೊಟ್ಟೆ.

ಕೊನೆಯ ಭೇಟಿಗೆ ಅಜ್ಜಿಯೂ ಬಂದಿದ್ದರು. ನಾಗಬನದ ವಿಷಯವನ್ನು ಹುಡುಗಿ ಹಿಂದಿನ ವಾರ ತಾನೇ ಅವರಿಗೆ ಹೇಳಿದ್ದಳು. ನಾಗದೋಷ ಪರಿಹಾರದ ಪೂಜೆಯಾದ ಆಶ್ಲೇಷಾ ಬಲಿ ಮಾಡಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅದನ್ನು ಬೇಡವೆನ್ನುವುದು ನನ್ನ ಕೆಲಸವಲ್ಲ, ಆ ಸೇವೆಯಿಂದ ಮನೆಗೆ ಸಿಗುವ ಧೈರ್ಯವನ್ನು ನಾನು ಬಲ್ಲೆ. "ಸೇವೆ ಮಾಡಿಸಿ ಅಜ್ಜಿ. ಸಂಕಲ್ಪದಲ್ಲಿ ಮೊಮ್ಮಗಳ ಆರೋಗ್ಯಕ್ಕೆ ಅಂತ ಹೇಳಿಸಿ. ಅವಳ ಹೆಸರಲ್ಲಿ ತಪ್ಪುಕಾಣಿಕೆ ಮಾತ್ರ ಹಾಕಿಸಬೇಡಿ" ಎಂದು ಕೇಳಿಕೊಂಡೆ. ಅಜ್ಜಿ ತುಸು ಹೊತ್ತು ಮೊಮ್ಮಗಳ ಮುಖವನ್ನೇ ನೋಡಿದರು. ಆಮೇಲೆ, "ಆಯ್ತು, ಅದು ಬೇಡ" ಎಂದರು.